ಮೆಚ್ಚಿದ ದನಿ ಬದಲಾದಾಗ

ನಾವು ಮೆಚ್ಚಿದ ಕಲಾವಿದರು ನಮಗೆ ಋಣಿಗಳೇ? ನಮಗೆ ಹಿಡಿಸಿದಂತೆಯೇ ಅವರು ಕೊನೆಯವರೆಗೂ ಹಾಡಬೇಕೆಂದು ಕೇಳುವ ಹಕ್ಕು ನಮಗಿದೆಯೇ?

ಹಲಸಿ, ಖಾನಾಪುರದ ಸುತ್ತಲಿನ ಊರುಗಳಿಂದ ಬೆಂಗಳೂರು, ಪುಣೆ, ಗೋವಾಗಳಿಗೆ ಓದಲು, ದುಡಿಯಲು ಹೋದ ಮಕ್ಕಳು ಹಬ್ಬಕ್ಕೆ ಮನೆಗೆ ಬಂದಾಗ ಅವರ ಮೊಬೈಲಿನಲ್ಲಿ ‘ಮೆಟಲ್’ ಎಂಬ ಅಬ್ಬರದ ಸಂಗೀತ ಕೇಳಿಬರುವುದುಂಟು. ಹಿರಿಯರಿಗೆ ಅದು ಬರೀ ಗದ್ದಲ. ಆದರೆ ಪರಊರಿನ ಒಂಟಿತನದಲ್ಲಿ, ಯಾರಿಗೂ ಹೇಳಿಕೊಳ್ಳಲಾಗದ ಸಿಟ್ಟು ಸಂಕಟಗಳಲ್ಲಿ ಆ ಮಕ್ಕಳ ಜೊತೆಗಿದ್ದ ದನಿ ಅದು. ಅಂಥ ತಂಡದ ಹೊಸ ಆಲ್ಬಮ್ ಕೇಳಿ ‘ಇವರು ಈಗ ನಮ್ಮವರಲ್ಲ’ ಎನಿಸಿದಾಗ ಆಗುವ ನೋವು ನಿಜವಾದ ನೋವೇ. ಅದನ್ನು ನಕ್ಕು ತಳ್ಳಿಹಾಕದಿರೋಣ.

1981ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ವರ್ಷಗಟ್ಟಲೆ ಕಾದಿದ್ದ ಅಭಿಮಾನಿಗಳಿಗೆ ಅದು ಹಬ್ಬ. ಅದೇ ದಿನಗಳಲ್ಲಿ, ಗಾಯಕ ಲೂ ರೀಡ್ ಅವರೊಡನೆ ತಂಡ ರಚಿಸಿದ ‘ಲುಲು’ ಎಂಬ ಆಲ್ಬಮ್ ಬಿಡುಗಡೆಯಾಯಿತು. ಜರ್ಮನ್ ನಾಟಕಕಾರ ವೆಡೆಕಿಂಡ್ ಅವರ ನಾಟಕಗಳನ್ನು ಆಧರಿಸಿದ, ಹಾಡಿಗಿಂತ ಮಾತಿಗೇ ಹತ್ತಿರವಾದ ಆ ದೀರ್ಘ ಕೃತಿ ಜಗತ್ತಿನಾದ್ಯಂತ ಬಹುಪಾಲು ಅಭಿಮಾನಿಗಳಿಗೆ ರುಚಿಸಲಿಲ್ಲ. ನಿರಾಸೆ ಬೇಗನೆ ಬೈಗುಳವಾಯಿತು. 2013ರಲ್ಲಿ ರೀಡ್ ತೀರಿಕೊಂಡರು. ‘ಲುಲು’ವೇ ರೀಡ್ ಅವರ ಶ್ರೇಷ್ಠ ಕೃತಿಯೆಂದು ಗಾಯಕ ಡೇವಿಡ್ ಬೋವಿ ತಮಗೆ ಹೇಳಿದ್ದನ್ನು ರೀಡ್ ಅವರ ಪತ್ನಿ 2015ರಲ್ಲಿ ಸಭೆಯೊಂದರಲ್ಲಿ ನೆನೆದರು. ಯಾರ ತೀರ್ಪು ಸರಿಯೆಂಬುದು ಇಲ್ಲಿಯ ಪ್ರಶ್ನೆಯಲ್ಲ. ನಿರಾಸೆ ಏಕೆ ದ್ವೇಷವಾಗುತ್ತದೆ ಎಂಬುದೇ ಪ್ರಶ್ನೆ.

ಇದು ಮೆಟಲ್ ಸಂಗೀತಕ್ಕಷ್ಟೇ ಸೀಮಿತವಾದ ಮಾತಲ್ಲ. ನಮ್ಮ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠರು, ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ದೊಡ್ಡ ಉಸ್ತಾದರ ಗಾಯನವನ್ನು ಬಾಲಕನಾಗಿದ್ದಾಗಲೇ ಯಥಾವತ್ತಾಗಿ ಹಾಡಿ ಜನರನ್ನು ಬೆರಗುಗೊಳಿಸಿದರು; ‘ಕುಮಾರ ಗಂಧರ್ವ’ ಎನಿಸಿಕೊಂಡರು. ಮುಂದೆ ಕ್ಷಯರೋಗ ಶ್ವಾಸಕೋಶವನ್ನು ಕೆಡಿಸಿತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ಅವರು ವರ್ಷಗಳ ಕಾಲ ಹಾಡದೆ ಮಲಗಿದರು. ಮಾಳವ ಪ್ರಾಂತ್ಯದ ಜನಪದ ಹಾಡುಗಳಿಗೆ ಕಿವಿಗೊಟ್ಟರು. 1950ರ ದಶಕದಲ್ಲಿ ಅವರು ವೇದಿಕೆಗೆ ಮರಳಿದಾಗ ಗಾಯನವೇ ಬೇರೆಯಾಗಿತ್ತು. ಸಂಪ್ರದಾಯಪ್ರಿಯರು ಆಕ್ಷೇಪಿಸಿದರು. ಆದರೆ ಕೇಳುಗರು ಮೆಚ್ಚಿದ ಬಾಲಕನಾಗಿಯೇ ಅವರು ಉಳಿದಿದ್ದರೆ, ಇತರರ ದನಿಯ ಪ್ರತಿಯಾಗಿಯೇ ಉಳಿಯುತ್ತಿದ್ದರಲ್ಲವೇ?

ಸಂತ ಥಾಮಸ್ ಅಕ್ವಿನಾಸರು ಎರಡು ಬಗೆಯ ಪ್ರೀತಿಯನ್ನು ಬೇರ್ಪಡಿಸಿ ಹೇಳುತ್ತಾರೆ. ಒಂದು, ನಮಗೆ ಬೇಕೆಂಬ ಕಾರಣಕ್ಕೆ ಬಯಸುವ ಪ್ರೀತಿ. ದ್ರಾಕ್ಷಾರಸವನ್ನು ಬಯಸುವುದು ಹೀಗೆ. ಇನ್ನೊಂದು, ಎದುರಿಗಿರುವವರ ಒಳಿತನ್ನು ಅವರಿಗಾಗಿಯೇ ಬಯಸುವ ಸ್ನೇಹದ ಪ್ರೀತಿ. ಮೊದಲನೆಯದು ಪಾಪವಲ್ಲ. ಆದರೆ ಮನುಷ್ಯರನ್ನು ದ್ರಾಕ್ಷಾರಸದಂತೆ ಪ್ರೀತಿಸಿದರೆ, ರುಚಿ ಬದಲಾದೊಡನೆ ನಾವು ಅವರನ್ನು ಹೊರಗೆ ಚೆಲ್ಲುತ್ತೇವೆ. ನಿರಾಸೆ ದ್ವೇಷವಾಗುವುದು ಇಲ್ಲಿಯೇ.

ಹಾಗೆಂದು ಎಲ್ಲವನ್ನೂ ಹೊಗಳಬೇಕೇ? ಖಂಡಿತ ಇಲ್ಲ. ಸೋಮಾರಿತನದಿಂದಲೋ ಹಣದಾಸೆಯಿಂದಲೋ ಮಾಡಿದ ಕೃತಿಯನ್ನು ಕಳಪೆಯೆನ್ನುವುದು ಪ್ರಾಮಾಣಿಕತೆ. ಸ್ನೇಹಿತನಿಗೆ ಸತ್ಯ ಹೇಳದವನು ಸ್ನೇಹಿತನೇ ಅಲ್ಲ. ಆದರೆ ‘ಇದು ಚೆನ್ನಾಗಿಲ್ಲ’ ಎನ್ನುವುದು ಬೇರೆ, ‘ನೀನು ನನಗೆ ದ್ರೋಹ ಬಗೆದೆ’ ಎನ್ನುವುದು ಬೇರೆ. ಮೊದಲನೆಯದು ಕೃತಿಯ ಮೇಲಿನ ತೀರ್ಪು. ಎರಡನೆಯದು ವ್ಯಕ್ತಿಯ ಮೇಲಿನ ಒಡೆತನ.

ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿವೆ. ಒಂದಕ್ಕಾಗಿ ಇನ್ನೊಂದನ್ನು ಕೆಡವಲಿಲ್ಲ. ಹಳೆಯ ಹಾಡೂ ಹಾಗೆಯೇ. ಹೊಸದು ಬಂದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಅದು ನಮಗೆ ಕೊಟ್ಟ ಸಾಂತ್ವನವನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಈ ಪಾಠ ಹಾಡಿನಲ್ಲಿ ಕಲಿತರೆ ಮನೆಯಲ್ಲಿ ನೆರವಿಗೆ ಬರುತ್ತದೆ. ಚಿಕ್ಕಂದಿನಲ್ಲಿ ಹೇಳಿದ್ದನ್ನೆಲ್ಲ ಕೇಳುತ್ತಿದ್ದ ಮಗ ಬೇರೆ ವೃತ್ತಿ ಹಿಡಿದಾಗ, ಮದುವೆಯಾದ ಮಗಳು ಬೇರೆ ರೀತಿ ಬದುಕಿದಾಗ, ‘ಮೊದಲು ಹೀಗಿರಲಿಲ್ಲ’ ಎಂದು ನಾವು ಕೊರಗುತ್ತೇವೆ. ಆಗ ನಾವು ಪ್ರೀತಿಸುತ್ತಿರುವುದು ಎದುರಿಗಿರುವ ಮಗುವನ್ನೋ, ನಮ್ಮ ನೆನಪಿನಲ್ಲಿರುವ ಮಗುವನ್ನೋ? ತಪ್ಪಿದ್ದರೆ ತಿದ್ದೋಣ. ಆದರೆ ಅದಕ್ಕೂ ಮೊದಲು, ಆ ಹೊಸ ದನಿಯನ್ನು ಇನ್ನೊಮ್ಮೆ ಪೂರ್ತಿಯಾಗಿ ಕೇಳೋಣ.