ನ್ಯಾಸವೂ ನಿರ್ಬಂಧವೂ

ಹುಂಡಿಯ ವ್ಯವಹಾರ ನಡೆಯುತ್ತಿದ್ದ ಕಾಲದಲ್ಲಿ ಒಂದು ತುಂಡು ಕಾಗದವು ಎರಡು ಕಾರ್ಯಗಳನ್ನು ನೆರವೇರಿಸುತ್ತಿತ್ತು. ಅದು ಪತ್ರವೂ ಹೌದು, ಹಣವೂ ಹೌದು. ಒಂದೂರಿನ ಸಾಹುಕಾರನು ಬರೆದುಕೊಟ್ಟ ದರ್ಶನಿ ಹುಂಡಿಯನ್ನು ಕಂಡೊಡನೆ ದೂರದ ಊರಿನ ಪೇಢಿಯವನು ಹಣ ಎಣಿಸಿ ಕೊಡುತ್ತಿದ್ದನು. ಹುಂಡಿ ಸಾಚಾ ಆಗಿದೆಯೇ, ತಂದವನು ಹಕ್ಕುದಾರನೇ ಎಂಬುದಷ್ಟೇ ಅವನು ಪರೀಕ್ಷಿಸಬೇಕಾದ ವಿಷಯ. ಇಂದಿನ ಅಂತರರಾಷ್ಟ್ರೀಯ ವಾಣಿಜ್ಯದಲ್ಲಿ ಆ ಪತ್ರದ ಕಾರ್ಯವನ್ನು ಬಹುಮಟ್ಟಿಗೆ ಸ್ವಿಫ್ಟ್ ಎಂಬ ಸಂಸ್ಥೆಯು ಮಾಡುತ್ತಿದೆ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಕೂಡಿ ಬೆಲ್ಜಿಯಂನಲ್ಲಿ ಸ್ಥಾಪಿಸಿದ ಈ ಸಹಕಾರಿ ಸಂಸ್ಥೆಯು ಹಣವನ್ನು ಇಟ್ಟುಕೊಳ್ಳುವುದೂ ಇಲ್ಲ, ಸಾಗಿಸುವುದೂ ಇಲ್ಲ; ಇಂಥವರ ಖಾತೆಗೆ ಇಷ್ಟು ಜಮಾ ಮಾಡಿರಿ ಎಂಬ ಸಂದೇಶವನ್ನು ಮಾತ್ರ ಒಯ್ಯುತ್ತದೆ. 11,000ಕ್ಕೂ ಮಿಕ್ಕಿದ ಸಂಸ್ಥೆಗಳು ಅದನ್ನು ಅವಲಂಬಿಸಿವೆ. ಸಂದೇಶ ನಿಂತರೆ ಬಂದರಿನಲ್ಲಿ ಸರಕೂ ನಿಲ್ಲುತ್ತದೆ.

ಹೀಗೆ ಪರರ ಮಾತನ್ನೂ ಪರರ ಲೆಕ್ಕವನ್ನೂ ಒಯ್ಯುವವನು ಅವುಗಳ ಒಡೆಯನೇ, ಅಥವಾ ಕೇವಲ ಕಾವಲುಗಾರನೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನ್ಯಾಸಾಪಹಾರವು, ಎಂದರೆ ನಂಬಿ ಇಟ್ಟ ವಸ್ತುವನ್ನು ಅಪಹರಿಸುವ ದೋಷವು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಬಾರದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಬಂದಿರುವುದು ವಿಚಾರಾರ್ಹ. ಪೂಜ್ಯಪಾದಾಚಾರ್ಯರ ವಿವರಣೆಯಂತೆ, ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ ಅದನ್ನೇ ಹೌದೆಂದು ಒಪ್ಪಿಬಿಡುವುದು ಈ ದೋಷ. ಕೈ ಕದ್ದಿಲ್ಲ, ಮಾತು ಕದ್ದಿದೆ. ಏಕಾಂತದ ವಿಷಯವನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ, ಪರರ ಮನದ ಗುಟ್ಟನ್ನರಿತು ಬಯಲು ಮಾಡುವ ಸಾಕಾರಮಂತ್ರಭೇದವೂ ಅದೇ ಸಾಲಿನಲ್ಲಿವೆ. ಗೃಹಸ್ಥನಿಗೆ ಹೇಳಿದ್ದನ್ನು ರಾಜ್ಯಗಳಿಗೆ ಅನ್ವಯಿಸಬಹುದೇ ಎಂದು ಕೆಲವರು ಕೇಳಬಹುದು. ರಾಜ್ಯಗಳು ಪೇಢಿಯ ಕೆಲಸಕ್ಕೆ ಕೈಹಾಕಿದ ಮೇಲೆ ಪೇಢಿಯ ಧರ್ಮದಿಂದ ಮಾತ್ರ ವಿನಾಯಿತಿ ಬೇಡುವುದು ನ್ಯಾಯವಲ್ಲ.

ಸಂದೇಶದ ದಾರಿಯನ್ನು ಆಯುಧವಾಗಿಸುವುದು ಹೊಸತೇನಲ್ಲ. 1914ರ ಆಗಸ್ಟ್ 5ರಂದು, ಯುದ್ಧ ಘೋಷಣೆಯಾದ ಕೆಲವೇ ಗಂಟೆಗಳಲ್ಲಿ, ಬ್ರಿಟನ್ನಿನ ಹಡಗೊಂದು ಸಮುದ್ರತಳದಲ್ಲಿದ್ದ ಜರ್ಮನಿಯ ತಂತಿಗಳನ್ನು ಕತ್ತರಿಸಿತು. ಅನಂತರ ಜರ್ಮನಿಯು ಪರರ ತಂತಿಗಳನ್ನು ಆಶ್ರಯಿಸಬೇಕಾಯಿತು. ಅವುಗಳನ್ನು ಬ್ರಿಟನ್ ಕದ್ದು ಓದುತ್ತಿತ್ತು. 2001ರ ಸೆಪ್ಟೆಂಬರಿನ ದಾಳಿಗಳ ತರುವಾಯ ಅಮೆರಿಕದ ಖಜಾನೆ ಇಲಾಖೆಯು ಸ್ವಿಫ್ಟ್‌ನ ದಾಖಲೆಗಳನ್ನು ಗುಟ್ಟಾಗಿ ಪಡೆಯತೊಡಗಿತು. 2006ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವವರೆಗೆ ಇದು ಜನರಿಗೆ ತಿಳಿದಿರಲಿಲ್ಲ. ಭಯೋತ್ಪಾದಕರ ಹಣವನ್ನು ಪತ್ತೆಹಚ್ಚುವ ಉದ್ದೇಶ ಯೋಗ್ಯವಾದುದೇ. ಆದರೆ ಪತ್ರ ಕೊಟ್ಟವನಿಗೆ ಅರಿವಿಲ್ಲದೆ ಅಂಚೆಯವನು ಅದನ್ನು ತೆರೆದು ತೋರಿಸಿದನೆಂಬುದೂ ನಿಜವೇ.

ಇರಾನಿನ ಪ್ರಕರಣದಲ್ಲಿ ಈ ಪ್ರಶ್ನೆಯು ಭಾರತದ, ಕರ್ನಾಟಕದ ಬಾಗಿಲಿಗೂ ಬಂದಿತು. ಭಾರತವು ಇರಾನಿನ ತೈಲದ ಬೆಲೆಯನ್ನು ಏಷ್ಯನ್ ಕ್ಲಿಯರಿಂಗ್ ಯೂನಿಯನ್ನಿನ ಮೂಲಕ ಪಾವತಿ ಮಾಡುತ್ತಿತ್ತು. 2010ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಆ ದಾರಿಯನ್ನು ಮುಚ್ಚಿತು. ಬಳಿಕ ಜರ್ಮನಿಯ ಒಂದು ಬ್ಯಾಂಕು, ಅದೂ ತಪ್ಪಿದ ಮೇಲೆ ತುರ್ಕಿಯ ಒಂದು ಬ್ಯಾಂಕು. 2012ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ಆದೇಶದಂತೆ ಸ್ವಿಫ್ಟ್ ಇರಾನಿನ ಬ್ಯಾಂಕುಗಳನ್ನು ತನ್ನ ಜಾಲದಿಂದ ಹೊರಹಾಕಿತು. ಮಂಗಳೂರಿನ ಎಂ.ಆರ್.ಪಿ.ಎಲ್. ತೈಲಾಗಾರವು ಇರಾನಿನ ಕಚ್ಚಾ ತೈಲದ ದೊಡ್ಡ ಗ್ರಾಹಕರಲ್ಲೊಂದಾಗಿತ್ತು. ಕೊಳ್ಳುವವನಲ್ಲಿ ಹಣವಿತ್ತು, ಮಾರುವವನಲ್ಲಿ ಸರಕಿತ್ತು, ನಡುವಣ ಚೀಟಿ ಒಯ್ಯುವವನೇ ಇರಲಿಲ್ಲ. ಆಗ ಕೋಲ್ಕತ್ತಾದ ಯೂಕೋ ಬ್ಯಾಂಕಿನಲ್ಲಿ ಖಾತೆ ತೆರೆದು ಬೆಲೆಯ ಶೇ. 45 ಭಾಗವನ್ನು ರೂಪಾಯಿಯಲ್ಲೇ ಜಮಾ ಮಾಡುವ ಏರ್ಪಾಡಾಯಿತು. ಇರಾನಿಗೆ ಅಕ್ಕಿ, ಚಹಾ ಕಳುಹಿಸಿದ ಭಾರತದ ವರ್ತಕರಿಗೆ ಅದರಿಂದಲೇ ಹಣ ಸಂದಾಯವಾಗುತ್ತಿತ್ತು. ಹಳೆಯ ಕಾಲದ ವರ್ತಕರಿಗೆ ಇದರಲ್ಲಿ ಅಪರಿಚಿತವಾದುದೇನೂ ಕಾಣದು. ಅಮೆರಿಕದ ಒತ್ತಾಯದಿಂದ 2019ರ ಮೇ ತಿಂಗಳಿನಲ್ಲಿ ಭಾರತವು ತೈಲ ಕೊಳ್ಳುವುದನ್ನು ನಿಲ್ಲಿಸಿದಾಗ ಆ ಖಾತೆಗೆ ಬರುವ ಒರತೆಯೇ ಬತ್ತಿತು. ಅಕ್ಕಿ, ಚಹಾ ಮಾರಿದವರೂ ಅದರ ಬಿಸಿಯನ್ನು ಅನುಭವಿಸಿದರು.

ಇದಕ್ಕಿಂತ ಗಹನವಾದುದು ಔಷಧಗಳ ವಿಷಯ. ನಿರ್ಬಂಧದ ಕಾಗದಪತ್ರಗಳಲ್ಲಿ ಆಹಾರಕ್ಕೂ ಔಷಧಕ್ಕೂ ವಿನಾಯಿತಿಯಿತ್ತು. ಆದರೆ ದಂಡಕ್ಕೆ ಹೆದರಿದ ಬ್ಯಾಂಕುಗಳು ಇರಾನಿನ ಹೆಸರಿದ್ದ ಯಾವ ಪಾವತಿಯನ್ನೂ ಮುಟ್ಟಲೊಲ್ಲವು. ಮಾರಬೇಡಿರೆಂದು ಯಾರೂ ಹೇಳಲಿಲ್ಲ. ಹಣ ದಾಟುವ ದಾರಿ ಮಾತ್ರ ಇರಲಿಲ್ಲ. ದಕ್ಷಿಣ ಕೊರಿಯಾದ ಬ್ಯಾಂಕುಗಳಲ್ಲಿ ಇರಾನಿನ ಸುಮಾರು 600 ಕೋಟಿ ಡಾಲರ್ ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು. ಹಣ ನಿಮ್ಮದೇ, ಕೊಡಲಾಗದು ಎಂಬ ಮಾತಿಗೂ ನ್ಯಾಸಾಪಹಾರಕ್ಕೂ ಎಷ್ಟು ಅಂತರ?

ಇಲ್ಲಿ ಪ್ರಬಲವಾದ ಪ್ರತಿವಾದವೊಂದಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಅದರ ಕೇಂದ್ರ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ಸಂಚಯವನ್ನು ತಡೆಹಿಡಿಯಲಾಯಿತು. ಮಾರ್ಚ್‌ನಲ್ಲಿ ಏಳು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ ಹೊರಗಿಡಲಾಯಿತು. ಹಿಂಸೆಗೆ ನೆರವಾಗುವ ವ್ಯಾಪಾರವನ್ನು ತ್ಯಜಿಸುವುದು ಶ್ರಾವಕನಿಗೆ ವಿಹಿತವೇ ಅಲ್ಲವೇ? ಹೌದು. ಕೊಲೆಗಾರನಿಗೆ ಕತ್ತಿ ಮಾರೆನೆಂಬುದು ವ್ರತ. ಆದರೆ ಅವನ ಊರಿನವರು ಯಾರೂ ಪತ್ರ ಬರೆಯಕೂಡದೆನ್ನುವುದು ಬೇರೆ ಬಗೆಯ ಮಾತು. ತನ್ನ ಸರಕನ್ನು ತಾನು ಮಾರದಿರುವುದಕ್ಕೂ ಎಲ್ಲರೂ ನಡೆಯುವ ದಾರಿಗೆ ಬೇಲಿ ಹಾಕುವುದಕ್ಕೂ ಇರುವ ಭೇದವನ್ನು ಯುದ್ಧದ ಆವೇಶದಲ್ಲಿ ಮರೆಯಬಾರದು. ಹಾಗೆಂದು ಕಳ್ಳದಾರಿಯ ಹವಾಲಾ ಹಿಡಿಯುವವನಿಗೂ ಸಮರ್ಥನೆಯಿಲ್ಲ, ವಿರುದ್ಧರಾಜ್ಯಾತಿಕ್ರಮವೂ ಅತಿಚಾರವೇ.

ದಾರಿ ಕಳೆದುಕೊಂಡವರು, ಕಳೆದುಕೊಳ್ಳುವ ಭಯವುಳ್ಳವರು ತಮ್ಮದೇ ದಾರಿಗಳನ್ನು ಕಟ್ಟತೊಡಗಿದ್ದಾರೆ. ರಷ್ಯಾವು 2014ರಿಂದಲೇ ತನ್ನ ಸಂದೇಶಜಾಲವನ್ನು ಸಿದ್ಧಪಡಿಸಿತು. ಚೀನಾವು 2015ರಲ್ಲಿ ಯುವಾನ್ ಪಾವತಿಯ ವ್ಯವಸ್ಥೆಯನ್ನು ಆರಂಭಿಸಿತು. ಅಮೆರಿಕದ ಮಿತ್ರರಾದ ಫ್ರಾನ್ಸ್, ಜರ್ಮನಿ, ಬ್ರಿಟನ್ನುಗಳೂ ಇರಾನಿನ ವ್ಯಾಪಾರಕ್ಕಾಗಿ 2019ರಲ್ಲಿ ಇನ್‌ಸ್ಟೆಕ್ಸ್ ಎಂಬ ಸಂಸ್ಥೆ ಕಟ್ಟಿದವು. ಅದು ಒಂದೇ ಒಂದು ವ್ಯವಹಾರ ಮುಗಿಸಿ 2023ರಲ್ಲಿ ಬಾಗಿಲು ಹಾಕಿತು. ಭಾರತದಲ್ಲಿ 2012ರಲ್ಲಿ ರುಪೇ ಕಾರ್ಡು ಬಂದಿತು, 2022ರ ಜುಲೈಯಲ್ಲಿ ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲಿ ಮುಗಿಸಲು ರಿಸರ್ವ್ ಬ್ಯಾಂಕು ಅನುಮತಿ ನೀಡಿತು. ಇವೆಲ್ಲ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. 2025ರ ಜುಲೈಯಲ್ಲಿ ಐರೋಪ್ಯ ನಿರ್ಬಂಧದ ಕಾರಣದಿಂದ ಗುಜರಾತಿನ ವಾಡಿನಾರ್ ತೈಲಾಗಾರವನ್ನು ನಡೆಸುವ ನಯಾರಾ ಸಂಸ್ಥೆಗೆ ಮೈಕ್ರೋಸಾಫ್ಟ್ ತನ್ನ ಸೇವೆಯನ್ನು ತಡೆದಾಗ, ಭಾರತದ ನೆಲದ ಮೇಲಣ ಕಂಪನಿಯೊಂದು ತನ್ನದೇ ಪತ್ರವ್ಯವಹಾರಕ್ಕಾಗಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು.

ಆದರೆ ಬೀಗದ ಕೈ ಪರದೇಶದವನಿಂದ ಸ್ವದೇಶದವನಿಗೆ ಬಂದೊಡನೆ ನ್ಯಾಸವು ಸುರಕ್ಷಿತವೆಂದು ನೆಮ್ಮದಿಯಿಂದಿರಲಾಗದು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದ ದೂರವಾಣಿ, ಅಂತರ್ಜಾಲಗಳನ್ನು ನಿಲ್ಲಿಸಿದ್ದು ಹೊರಗಿನವರಲ್ಲ. ಅಂತರ್ಜಾಲದ ಮೂಲಕ ವ್ಯಾಪಾರ ನಡೆಸುವುದಕ್ಕೂ ಸಂವಿಧಾನದ ರಕ್ಷಣೆಯಿದೆಯೆಂದೂ, ಅನಿರ್ದಿಷ್ಟ ಕಾಲ ಅದನ್ನು ತಡೆಯಲಾಗದೆಂದೂ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ತೀರ್ಪಿತ್ತಿತು. ಅಲ್ಲಿನ ವರ್ತಕರಿಗೆ 4ಜಿ ಸಂಪರ್ಕವು ಪೂರ್ಣವಾಗಿ ಮರಳಿದ್ದು 2021ರ ಫೆಬ್ರುವರಿಯಲ್ಲಿ.