ವೈದ್ಯನ ಮೌನವೂ ರೋಗಿಯ ಪ್ರಶ್ನೆಯೂ



ವೀರಶೈವನಿಗೆ ಶರೀರವು ತುಚ್ಛವಾದ ವಸ್ತುವಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಅಂಗದ ಮೇಲೆಯೇ. ದಾಸೋಹವನ್ನು ಮಾಡುವುದು ಈ ಕೈಗಳಿಂದಲೇ. ಕಾಯಕವು ನಡೆಯುವುದು ಈ ಕಾಯದಿಂದಲೇ. ಆದುದರಿಂದಲೇ ಶರಣರು ಇದನ್ನು ಪ್ರಸಾದಕಾಯವೆಂದು ಗೌರವಿಸಿದರು. ಅಂತಹ ಕಾಯಕ್ಕೆ ರೋಗವು ಬಂದಾಗ ಔಷಧವನ್ನು ಅರಸುವುದು ದೇಹಮೋಹವಲ್ಲ, ಧರ್ಮವೇ ಆಗಿದೆ. ಆ ಔಷಧವನ್ನು ಕೊಡುವ ವೈದ್ಯನ ವೃತ್ತಿಯೂ ಶ್ರೇಷ್ಠವಾದ ಕಾಯಕವು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ರೋಗ, ಔಷಧಗಳ ಪರಿಭಾಷೆಯಲ್ಲಿಯೇ ಆತನು ತನ್ನ ವಚನಗಳಲ್ಲಿ ಶಿವಾನುಭವವನ್ನು ವಿವರಿಸಿದನು.

ಈಚೆಗೆ ನಮ್ಮ ನಾಡಿನಲ್ಲಿ ‘ಸಮಗ್ರ ಚಿಕಿತ್ಸೆ’ ಎಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ದೇಹ, ಮನಸ್ಸು, ಆಹಾರ, ನಿದ್ರೆ, ಸಂಸಾರದ ಚಿಂತೆ ಇವೆಲ್ಲವನ್ನೂ ಒಟ್ಟಾಗಿ ವಿಚಾರಿಸಿ ಮದ್ದು ಕೊಡುವೆವೆಂದು ಆ ವೈದ್ಯರು ಹೇಳುತ್ತಾರೆ. ತತ್ತ್ವವು ಒಳ್ಳೆಯದೇ. ಮನುಷ್ಯನನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ನೋಡಬೇಕೆಂಬುದನ್ನು ಯಾರು ಅಲ್ಲಗಳೆಯುವರು? ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಿಂದ ಮಠಕ್ಕೆ ಬರುವ ಭಕ್ತರ ಬಾಯಿಂದ ಬೇರೊಂದು ದೂರು ಕೇಳಿಬರುತ್ತಿದೆ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರಿಗೆ ಅನೇಕ ದಿನಗಳ ಕೂಲಿಯಾಗುವಷ್ಟು ಹಣವನ್ನು ಒಂದೇ ಭೇಟಿಗೆ ತೆಗೆದುಕೊಂಡ ವೈದ್ಯನು, ರೋಗಿಯೊಡನೆ ನಾಲ್ಕು ಮಾತುಗಳನ್ನೂ ಆಡುವುದಿಲ್ಲವೆಂಬುದೇ ಆ ದೂರು.

ರಾಯಬಾಗದ ಕಡೆಯ ಒಬ್ಬ ತಾಯಿಯ ಸಂಗತಿಯನ್ನು ಹೇಳುವೆವು. ಆಕೆಗೆ ಅನೇಕ ವರ್ಷಗಳಿಂದ ಸಕ್ಕರೆ ಕಾಯಿಲೆ. ಮಗನು ಕಬ್ಬಿನ ಬಿಲ್ಲಿನ ಹಣವನ್ನು ತೆಗೆದುಕೊಂಡು ಆಕೆಯನ್ನು ಪಟ್ಟಣದ ಒಬ್ಬ ಪ್ರಸಿದ್ಧ ವೈದ್ಯನ ಬಳಿಗೆ ಕರೆದೊಯ್ದನು. ವೈದ್ಯನು ನಾಡಿಯನ್ನು ಹಿಡಿದನು, ನಾಲಗೆಯನ್ನು ನೋಡಿದನು, ಮೂರು ತಿಂಗಳ ಔಷಧವನ್ನು ಕೊಡಿಸಿದನು. ‘ಮೊದಲಿನ ಗುಳಿಗೆಗಳನ್ನು ನುಂಗಬೇಕೋ ಬಿಡಬೇಕೋ?’ ಎಂದು ಆಕೆ ಕೇಳಿದಳು. ‘ನನ್ನ ಮೇಲೆ ನಂಬಿಕೆಯಿಲ್ಲವೆ?’ ಎಂಬುದೇ ಉತ್ತರವಾಯಿತು. ಊರಿಗೆ ಬಂದು ದೂರವಾಣಿಯಲ್ಲಿ ಕೇಳಿದರೆ ಸಹಾಯಕರು ಮುಂದಿನ ಕಂತಿನ ಹಣದ ಮಾತನ್ನಷ್ಟೇ ಆಡಿದರು. ಆಕೆ ತಾನಾಗಿಯೇ ಗುಳಿಗೆಗಳನ್ನು ಬಿಟ್ಟಳು. ಸಕ್ಕರೆಯು ಏರಿತು, ಕಾಲಿನ ಸಣ್ಣ ಗಾಯವು ಮಾಯದೆ ಕೊಳೆಯತೊಡಗಿತು, ಕೊನೆಗೆ ಮಿರಜದ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಕಾಲು ಉಳಿಯಿತು, ಎರಡು ಬೆರಳುಗಳು ಹೋದವು. ಆಕೆ ನಮ್ಮೆದುರಿಗೆ ಆಡಿದ ಮಾತು ಇಷ್ಟೇ: ‘ಅಪ್ಪಾರ, ರೊಕ್ಕ ಹೋತಂತ ನಾ ಅಳೂದಿಲ್ರಿ. ನನ್ನ ಮೈಯಾಗ ಏನಾಗೇತಿ ಅಂತ ನನಗ ಒಂದ ಮಾತ ಹೇಳಬಾರದಾಗಿತ್ತೇನ್ರಿ?’

ಈ ಪ್ರಶ್ನೆಯು ಕೇವಲ ಆ ತಾಯಿಯದಲ್ಲ. ಶ್ರದ್ಧೆಯಿದ್ದವನು ಪ್ರಶ್ನಿಸಬಾರದು, ಪ್ರಶ್ನಿಸಿದವನಿಗೆ ಶ್ರದ್ಧೆಯಿಲ್ಲ ಎಂದು ಕೆಲವರು ತಿಳಿದಿರುವರು. ಇದು ಶರಣಮಾರ್ಗಕ್ಕೆ ಒಪ್ಪುವ ಮಾತಲ್ಲ. ಅನುಭವಮಂಟಪವೆಂದರೇನು? ಪ್ರಶ್ನೋತ್ತರಗಳ ಪೀಠವಲ್ಲವೆ? ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕೇಳಿದರು. ಅಕ್ಕನು ಅಳುಕದೆ ಉತ್ತರಿಸಿದಳು. ಸಿದ್ಧರಾಮನೊಡನೆ ವಾದವಾಯಿತು, ಮುಕ್ತಾಯಕ್ಕನೊಡನೆ ವಾದವಾಯಿತು. ಶೂನ್ಯಸಂಪಾದನೆಯು ಆದ್ಯಂತವಾಗಿ ಸಂವಾದದಿಂದಲೇ ಕಟ್ಟಿದ ಗ್ರಂಥವು. ದೀಕ್ಷೆಯನ್ನು ಕೊಡುವ ಗುರುವು ಕೂಡ ಮಂತ್ರವನ್ನು ಶಿಷ್ಯನ ಕಿವಿಯಲ್ಲಿ ನುಡಿಯುತ್ತಾನೆ; ಲಿಂಗವನ್ನು ಅವನ ಕರಸ್ಥಲದಲ್ಲಿಟ್ಟು ಕಣ್ಣಿಗೆ ತೋರಿಸುತ್ತಾನೆ. ಗುರುವೇ ನುಡಿದು ತೋರಿ ತಿಳಿಸುವಾಗ, ವೈದ್ಯನಿಗೆ ಸುಮ್ಮನಿರುವ ಅಧಿಕಾರವು ಎಲ್ಲಿಂದ ಬಂದಿತು?

ಮೌನವೂ ಪೂಜ್ಯವಲ್ಲವೆ ಎಂದು ಕೇಳಬಹುದು. ಅಹುದು, ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಬಾಳಿದ ನೆಲದವರಾದ ನಿಮಗೆ ಶಿವಯೋಗಿಯ ಮೌನದ ಮಹಿಮೆಯನ್ನು ಹೇಳಬೇಕಾದುದಿಲ್ಲ. ಆದರೆ ಶಿವಯೋಗಿಯ ಮೌನವು ತನ್ನ ಅಹಂಕಾರವನ್ನು ಅಡಗಿಸಲೆಂದು ಹುಟ್ಟಿದುದು. ಬಂದವನ ಭಯವನ್ನು ಅದು ಕಳೆಯುತ್ತದೆ. ಉತ್ತರವನ್ನು ಬಲ್ಲವನು ಉತ್ತರಿಸದಿರುವ ಮೌನವು ಬಂದವನ ಭಯವನ್ನು ಇಮ್ಮಡಿಸುತ್ತದೆ. ಎರಡನ್ನೂ ಒಂದೇ ಎಂದು ಎಣಿಸಬಾರದು.

ಪ್ರಾಚೀನ ವೈದ್ಯಶಾಸ್ತ್ರವಾದರೂ ಈ ಮೌನಕ್ಕೆ ಅನುಮತಿಯನ್ನು ಕೊಟ್ಟಿದೆಯೆ? ಇಲ್ಲ. ವಾಗ್ಭಟನು ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ಹೇಳಿರುವನು. ನೋಡುವುದು, ಮುಟ್ಟುವುದು ಇವೆರಡರಿಂದಲೇ ಕೆಲಸವು ಮುಗಿಯದು, ಕೇಳಬೇಕು. ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಈ ನಾಲ್ವರನ್ನು ಚಿಕಿತ್ಸೆಯ ನಾಲ್ಕು ಪಾದಗಳೆಂದು ಎಣಿಸಿ, ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯನ್ನು ರೋಗಿಯ ಗುಣಗಳಲ್ಲಿ ಒಂದಾಗಿ ಹೇಳಿದೆ. ಹೇಳುವವನು ಇದ್ದರೆ ಕೇಳುವವನೂ ಇರಬೇಕಷ್ಟೆ. ರೋಗಿಗಳಲ್ಲಿ ಮೈತ್ರಿಯೂ ಕಾರುಣ್ಯವೂ ವೈದ್ಯನಿಗೆ ಇರಬೇಕೆಂದು ಅದೇ ಗ್ರಂಥವು ವಿಧಿಸಿದೆ. ಇಂದಿನ ರಾಜಶಾಸನವೂ ಇದಕ್ಕೆ ಹೊರತಲ್ಲ. ಚಿಕಿತ್ಸೆಯ ಸ್ವರೂಪ, ಅದರಿಂದಾಗಬಹುದಾದ ಅಪಾಯ, ಅದಕ್ಕಿರುವ ಬದಲು ಮಾರ್ಗ ಇವುಗಳನ್ನು ತಿಳಿಸಿಯೇ ರೋಗಿಯ ಸಮ್ಮತಿಯನ್ನು ಪಡೆಯಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮವು ಆಯುರ್ವೇದ ಮೊದಲಾದ ಪದ್ಧತಿಗಳ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ದರಪಟ್ಟಿಯನ್ನು ರೋಗಿಗಳಿಗೆ ಕಾಣುವಂತೆ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ.

ಹಣವನ್ನು ಪಡೆಯುವುದೇ ದೋಷವೆಂದು ನಾವು ಹೇಳುವುದಿಲ್ಲ. ಕಾಯಕಕ್ಕೆ ಪ್ರತಿಫಲವು ನ್ಯಾಯವಾದುದೇ. ಬಾಗಿಲಲ್ಲಿ ನೂರು ಜನರು ಕಾಯುತ್ತಿರುವಾಗ ಒಬ್ಬೊಬ್ಬರೊಡನೆ ಬಹಳ ಹೊತ್ತು ಮಾತಾಡುವುದು ವೈದ್ಯನಿಗೆ ಕಷ್ಟವೆಂಬುದನ್ನೂ ಬಲ್ಲೆವು. ಆದರೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡನಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದುದು ಆಸೆಯೆಂದು ತಿಳಿದು, ಅದನ್ನು ಇದ್ದಲ್ಲಿಗೇ ಮರಳಿಸಿ ಬರುವಂತೆ ಆ ಮಹಾತಾಯಿ ಕಳುಹಿಸಿದಳು. ನೂರು ಜನರ ಹಣವನ್ನು ಪಡೆದು ಹತ್ತು ಜನರಿಗೆ ಮಾತ್ರ ಸಾಲುವಷ್ಟು ಹೊತ್ತನ್ನು ಹಂಚುವವನು, ಮಿಕ್ಕ ತೊಂಬತ್ತು ಜನರ ಅಕ್ಕಿಯನ್ನು ಯಾವ ಕಣಜದಲ್ಲಿ ಇಟ್ಟುಕೊಂಡಿರುವನು? ವೈದ್ಯಕಾಯಕದಲ್ಲಿರುವ ಭಕ್ತರು ಇದನ್ನು ತಮ್ಮ ಲಿಂಗದ ಮುಂದೆ ಕುಳಿತು ತಾವೇ ವಿಚಾರಿಸಿಕೊಳ್ಳಬೇಕು.

ಇನ್ನು ರೋಗಿಗಳಾದವರ ಕರ್ತವ್ಯವನ್ನು ಹೇಳುವೆವು. ವೈದ್ಯನ ಬಳಿಗೆ ಹೋಗುವ ಮೊದಲು ಕೇಳಬೇಕಾದುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: ರೋಗವೇನು? ಈ ಔಷಧವು ಯಾವುದಕ್ಕೆ? ಎಷ್ಟು ದಿನ? ಒಟ್ಟು ಖರ್ಚೆಷ್ಟು? ಮೊದಲಿನ ಮದ್ದನ್ನು ಮುಂದುವರಿಸಬೇಕೆ? ಸೇವಿಸುತ್ತಿರುವ ಯಾವ ಔಷಧವನ್ನೂ ಮುಚ್ಚಿಡಬೇಡಿರಿ. ಗಡಿನಾಡಿನವರಾದ ನಮ್ಮ ಜನರು ಮಿರಜ, ಸಾಂಗಲಿ, ಕೊಲ್ಹಾಪುರಗಳಿಗೆ ಹೋದಾಗ ಮರಾಠಿಯನ್ನು ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಸಕ್ಕರೆ, ರಕ್ತದೊತ್ತಡ, ಮೂರ್ಛೆರೋಗ ಮೊದಲಾದವುಗಳ ಗುಳಿಗೆಗಳನ್ನು, ಅವನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ಎಂದಿಗೂ ಬಿಡಬೇಡಿರಿ. ವಿನಯದಿಂದ ಎರಡು ಸಲ ಕೇಳಿದರೂ ಉತ್ತರವು ಬಾರದಿದ್ದರೆ ಬೇರೆ ವೈದ್ಯರನ್ನು ಕಾಣಿರಿ. ಕೊಟ್ಟ ಹಣಕ್ಕಾಗಿ ದೇಹವನ್ನು ಒತ್ತೆಯಿಡುವುದು ವಿವೇಕವಲ್ಲ.

ಊರಿನ ಹಿರಿಯರಿಗೂ ಒಂದು ಮಾತು. ನೆರೆಮನೆಯ ವೃದ್ಧರೋ ಅಕ್ಷರವರಿಯದ ತಾಯಂದಿರೋ ಆಸ್ಪತ್ರೆಗೆ ಹೊರಟಾಗ, ಓದುಬರಹವುಳ್ಳ ಒಬ್ಬರು ಜೊತೆಯಲ್ಲಿ ಹೋಗಿ ಅವರ ಪರವಾಗಿ ಕೇಳಿ ತಿಳಿದು ಬರುವುದು ಅನ್ನದಾಸೋಹಕ್ಕೆ ಕಡಮೆಯಾದುದಲ್ಲ. ರಾಯಬಾಗದ ಆ ತಾಯಿಯೊಡನೆ ಅಂತಹವರೊಬ್ಬರು ಇದ್ದಿದ್ದರೆ ಆಕೆಯ ಪ್ರಶ್ನೆಯು ಉತ್ತರವಿಲ್ಲದೆ ಹಿಂದಿರುಗುತ್ತಿರಲಿಲ್ಲ.

ವೈದ್ಯರಿಗೆ ನುಡಿಯುವ ಕರುಣೆಯನ್ನೂ, ರೋಗಿಗಳಿಗೆ ಕೇಳುವ ಧೈರ್ಯವನ್ನೂ, ನಮ್ಮೆಲ್ಲರಿಗೆ ಪರರ ನೋವನ್ನು ಅರಿಯುವ ಮನಸ್ಸನ್ನೂ ಪರಶಿವನು ದಯಪಾಲಿಸಲಿ.

ಓಂ ನಮಃ ಶಿವಾಯ.