ಪಥ್ಯವೂ ವ್ರತವೂ

ಭಾದ್ರಪದ ಮಾಸದ ದಶಲಕ್ಷಣ ಪರ್ವ ಸಮೀಪಿಸುತ್ತಿದ್ದಂತೆ ಶ್ರಾವಕರ ಮನೆಗಳಲ್ಲಿ ಉಪವಾಸದ ಮಾತು ಮೊದಲಾಗುತ್ತದೆ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸೊಸೆ ಗರ್ಭಿಣಿಯಾಗಿದ್ದಾಗ ಅವಳ ರಕ್ತದಲ್ಲಿ ಸಕ್ಕರೆಯ ಅಂಶ ಏರಿತ್ತು. ಹೆರಿಗೆಯಾದ ಮೇಲೆ ಇಳಿಯಿತು. ಮಗುವಿಗೆ ಈಗ ಎರಡು ವರ್ಷ. ವೈದ್ಯರು ಹೇಳಿದ್ದ ಮರುಪರೀಕ್ಷೆಯನ್ನು ಆಕೆ ಮಾಡಿಸಿಕೊಂಡಿಲ್ಲ. “ಹೋದ ಕಾಯಿಲೆಯನ್ನು ಹುಡುಕಿಕೊಂಡು ಹೋಗುವುದೇಕೆ? ದೇಹದ ಮೇಲೆ ಇಷ್ಟು ಮೋಹವೇ?” ಎಂಬುದು ಹಿರಿಯರ ಮಾತು. ಈ ವರ್ಷ ಹತ್ತು ದಿನವೂ ಉಪವಾಸವಿರಬೇಕೆಂಬುದು ಅವಳ ಸಂಕಲ್ಪ. ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯೊಂದಿದೆ: ದೇಹವನ್ನು ಪರೀಕ್ಷಿಸಿಕೊಳ್ಳುವುದು ದೇಹಮೋಹವೇ?

ಮೊದಲು ವಿಷಯದ ಸ್ವರೂಪವನ್ನು ಅರಿಯಬೇಕು. ಗರ್ಭಾವಸ್ಥೆಯ ಮಧುಮೇಹವು ಹೆರಿಗೆಯೊಡನೆ ಮರೆಯಾದಂತೆ ಕಂಡರೂ ಅಪಾಯವನ್ನು ಉಳಿಸಿಯೇ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಲಾದ ಗರ್ಭಿಣಿಯರನ್ನು ಐದು ವರ್ಷಗಳ ಬಳಿಕ ಪುನಃ ನೋಡಿದಾಗ, ಈ ತೊಂದರೆ ಇದ್ದವರಲ್ಲಿ ಶೇಕಡಾ 37 ಮಂದಿಗೆ ಮಧುಮೇಹ ಬಂದಿತ್ತು. ಇಲ್ಲದವರಲ್ಲಿ ಶೇಕಡಾ 2 ಮಂದಿಗೆ ಮಾತ್ರ. ಹೃದಯದ ಸಂಗತಿಯೂ ಹಾಗೆಯೇ. 53 ಲಕ್ಷಕ್ಕೂ ಹೆಚ್ಚು ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಇಂಥವರಲ್ಲಿ ಹೃದಯ ಹಾಗೂ ರಕ್ತನಾಳಗಳ ರೋಗದ ಸಂಭವ ಸುಮಾರು ಇಮ್ಮಡಿ. ಮುಂದೆ ಮಧುಮೇಹ ಬಾರದವರಲ್ಲಿಯೂ ಅದು ಹೆಚ್ಚೇ. ಗರ್ಭಾವಸ್ಥೆಯಲ್ಲಿ ಸಹಜವಾಗಿ ಏರುವ ಕೊಲೆಸ್ಟರಾಲು ಹೆರಿಗೆಯ ನಂತರ ಇಳಿಯಬೇಕು. ಇಳಿಯದಿದ್ದರೆ ಯಾವ ನೋವನ್ನೂ ತೋರದೆ ರಕ್ತನಾಳದ ಒಳಗೋಡೆಯಲ್ಲಿ ಸಂಚಯವಾಗುತ್ತದೆ. ಆದುದರಿಂದಲೇ ಹೆರಿಗೆಯಾದ 4ರಿಂದ 12 ವಾರಗಳೊಳಗೆ ಸಕ್ಕರೆಯ ಪರೀಕ್ಷೆ, ಅನಂತರ 1ರಿಂದ 3 ವರ್ಷಗಳಿಗೊಮ್ಮೆ ಮರುಪರೀಕ್ಷೆ ಅಗತ್ಯ. ರಕ್ತದೊತ್ತಡ, ಕೊಲೆಸ್ಟರಾಲುಗಳನ್ನೂ ನೋಡಿಸಿಕೊಳ್ಳಬೇಕು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸಿದ್ದಾರೆ. ನೀರನ್ನು ಸೋಸಿ ಬಳಸುವ ಗೃಹಿಣಿ ಕಣ್ಣಿಗೆ ಕಾಣದ ಜೀವಗಳಿಗಾಗಿ ಎಚ್ಚರ ವಹಿಸುತ್ತಾಳೆ. ಆ ಎಚ್ಚರ ಧರ್ಮವಾದರೆ, ತನ್ನ ರಕ್ತದಲ್ಲಿ ಕಾಣದಿರುವ ಅಪಾಯದ ಬಗೆಗಿನ ಎಚ್ಚರ ಮೋಹವಾಗುವುದು ಹೇಗೆ? ಷೋಡಶ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಗೆ ತಕ್ಕ ತಪವೆಂದ ಮೇಲೆ ಶಕ್ತಿಯನ್ನು ಅಳೆಯುವುದೂ ತಪದ ಅಂಗವೇ ಆಯಿತು. ಮೊಲೆಯೂಡಿಸುವ ತಾಯಿಯೂ ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವಳೂ ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಕೈಗೊಳ್ಳುವುದು ಶಕ್ತಿಯಲ್ಲ, ಸಾಹಸ.

ಅನಶನವೊಂದೇ ತಪವಲ್ಲ. ಹೊಟ್ಟೆ ತುಂಬುವ ಮೊದಲೇ ಏಳುವ ಅವಮೌದರ್ಯವಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಕೆಲವನ್ನು ತ್ಯಜಿಸುವ ರಸಪರಿತ್ಯಾಗವಿದೆ. ತುಪ್ಪ, ಸಿಹಿ, ಉಪ್ಪುಗಳನ್ನು ಮಿತಗೊಳಿಸಿರೆಂದೇ ಹೃದಯವೈದ್ಯರೂ ಹೇಳುತ್ತಾರೆ. ಹತ್ತು ದಿನ ಉಪವಾಸವಿದ್ದು ಪಾರಣೆಯಂದು ಸಿಹಿಯೂಟ ಮಾಡುವುದಕ್ಕಿಂತ ವರ್ಷವಿಡೀ ನಡೆಸುವ ಇಂಥ ಸಂಯಮ ಸುಲಭವೇನಲ್ಲ.

ಇಲ್ಲಿ ಸೂಕ್ಷ್ಮವಾದ ಆಕ್ಷೇಪವೊಂದು ಏಳುತ್ತದೆ. ಆರೋಗ್ಯವೆಂಬ ಫಲವನ್ನು ಬಯಸಿ ರಸವನ್ನು ಬಿಟ್ಟರೆ ಅದು ನಿದಾನಶಲ್ಯವಲ್ಲವೇ? ನಿಜ. ವೈದ್ಯನ ನಿದಾನವೆಂದರೆ ರೋಗದ ಕಾರಣವನ್ನು ಅರಿಯುವುದು. ಶಾಸ್ತ್ರದ ನಿದಾನವೆಂದರೆ ಭೋಗಫಲದ ಆಕಾಂಕ್ಷೆ. ಮೊದಲನೆಯದನ್ನು ಸ್ವೀಕರಿಸಬೇಕು, ಎರಡನೆಯದನ್ನು ಬಿಡಬೇಕು. ದೇಹರಕ್ಷಣೆಗಾಗಿ ಬಿಟ್ಟದ್ದು ಪಥ್ಯ. ಅದನ್ನು ವ್ರತವೆಂದು ಹೇಳಿಕೊಂಡರೆ ಮಾಯಾಶಲ್ಯ ಸೇರುತ್ತದೆ. ಆದರೆ ಪಥ್ಯ ಹೀನವಲ್ಲ. ವ್ರತವನ್ನು ಹೊರಬೇಕಾದ ಶರೀರವನ್ನು ಕಾಯುವುದು ಅದೇ.

ಇವೆರಡರ ಭೇದವನ್ನು ಕಾಲವೇ ತೋರಿಸುತ್ತದೆ. ರಕ್ತಪರೀಕ್ಷೆಯ ಅಂಕಿ ಸರಿಯಾಯಿತೆಂದು ತಿಳಿದ ದಿನವೇ ತುಪ್ಪದ ಪಾತ್ರೆಗೆ ಕೈ ಹೋದರೆ ಅದುವರೆಗಿನದು ಪಥ್ಯವಷ್ಟೆ. ಅಂಕಿ ಸರಿಯಾದ ಮೇಲೂ ಆಸೆಯಿಲ್ಲದೆ ಕೈ ತಡೆದು ನಿಂತರೆ, ಪಥ್ಯವು ವ್ರತವಾಗಿದೆಯೆಂದು ತಿಳಿಯಬೇಕು. ಆ ಸೊಸೆ ಪರ್ವಕ್ಕೆ ಮುನ್ನ ಪರೀಕ್ಷೆಗೆ ಹೋಗಲಿ. ಹಿರಿಯರು ಅವಳ ಜೊತೆಯಲ್ಲಿ ಹೋಗಲಿ. ಅದೂ ಆ ಮನೆಯ ಧರ್ಮವೇ.